ಹಂಪಿಯ ದಾರಿಯಲ್ಲೇ ಸಿಗುವ ಲಕ್ಕುಂಡಿ: ಒಂದು ಚಳಿಗಾಲದ ಮೂರು ಪ್ರವಾಸಗಳು

ಹುಬ್ಬಳ್ಳಿಯಿಂದ ಹಂಪಿಗೆ ಹೊರಟವರು ಗದಗ ದಾಟಿ ಹನ್ನೊಂದು–ಹನ್ನೆರಡು ಕಿಲೋಮೀಟರ್ ಸಾಗಿದರೆ ಲಕ್ಕುಂಡಿ ಬರುತ್ತದೆ. ಊರು ಹೆದ್ದಾರಿಗೇ ಅಂಟಿಕೊಂಡಿದೆ. ಇಷ್ಟು ವರ್ಷಗಳಲ್ಲಿ ನಾವು ಕಡಿಮೆಯೆಂದರೂ ಆರು ಬಾರಿ ಆ ಫಲಕದ ಮುಂದೆ ಹಾದುಹೋಗಿದ್ದೇವೆ, ಒಮ್ಮೆಯೂ ಇಳಿದಿರಲಿಲ್ಲ. ಕಳೆದ ಚಳಿಗಾಲದಲ್ಲಿ ಇಳಿದೆವು. ಅದೇ ಚಳಿಗಾಲದಲ್ಲಿ ಹಂಪಿಗೂ ಬಾದಾಮಿಗೂ ಹೋಗಿ ಬಂದಿದ್ದರಿಂದ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಸಿಕ್ಕಿತು. ಜೊತೆಗಿದ್ದವರು ಮೊಣಕಾಲು ನೋವಿನ ಎಪ್ಪತ್ತೆರಡರ ಅವ್ವ ಮತ್ತು ಒಂಬತ್ತು ವರ್ಷದ ಮಗಳು. ನಾನು ಇಲ್ಲಿ ಹೇಳುವುದನ್ನೆಲ್ಲ ಅವರಿಬ್ಬರ ಕಾಲಿನ ಅಳತೆಯಿಂದಲೇ ಹೇಳುತ್ತಿದ್ದೇನೆ.

ಮೊದಲು ಹಂಪಿ. ಡಿಸೆಂಬರ್ ಕೊನೆಯ ವಾರ, ಶಾಲೆಗಳಿಗೆ ರಜೆ. ಹೊಸಪೇಟೆಯಲ್ಲಿ ಎರಡು ಕೋಣೆ ಸಿಗಲು ಹದಿನೈದು ದಿನ ಮೊದಲೇ ಫೋನ್ ಹಚ್ಚಬೇಕಾಯಿತು. ಕೊನೆಗೆ ಸಿಕ್ಕಿದ್ದಕ್ಕೆ ಉಳಿದ ದಿನಗಳ ಎರಡು ಪಟ್ಟು ಬಾಡಿಗೆ. ವಿಜಯ ವಿಠ್ಠಲ ದೇವಾಲಯಕ್ಕೆ ಹೋಗುವ ಬ್ಯಾಟರಿ ವಾಹನದ ಸಾಲಿನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತೆವು. ಅವ್ವ ಬಿಸಿಲಿನಲ್ಲಿ ಒಂದು ಕಲ್ಲಿನ ಮೇಲೆ ಕುಳಿತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು. ಒಳಗೆ ಹೋದರೆ ಕಲ್ಲಿನ ರಥದ ಮುಂದೆ ಜನವೋ ಜನ. ಐವತ್ತು ರೂಪಾಯಿಯ ನೋಟನ್ನು ರಥದ ಪಕ್ಕಕ್ಕೆ ಹಿಡಿದು ಫೋಟೊ ತೆಗೆಸಿಕೊಳ್ಳಲು ಕುಟುಂಬಗಳು ಸರದಿಯಲ್ಲಿ ನಿಂತಿದ್ದವು. ಮಂಟಪದ ಕಂಬಗಳಲ್ಲಿ ಕುದುರೆ, ಯಾಳಿ, ಸವಾರರ ಕೆತ್ತನೆ ಎಷ್ಟಿದೆ! ಅದರ ಮುಂದೆ ಎರಡು ನಿಮಿಷ ನಿಲ್ಲೋಣವೆಂದರೆ ಹಿಂದಿನಿಂದ ನೂಕು. ಮಗಳಿಗೆ ಆ ದಿನದಿಂದ ನೆನಪಿರುವುದು ಐಸ್‌ಕ್ರೀಮ್ ಮಾತ್ರ.

ಆದರೆ ಮರುದಿನ ಬೆಳಗಿನ ಜಾವ ನಾನೊಬ್ಬಳೇ ಹೇಮಕೂಟ ಹತ್ತಿದೆ. ಕೆಳಗೆ ವಿರೂಪಾಕ್ಷನ ಗೋಪುರ, ಎದುರಿಗೆ ಮಾತಂಗ ಬೆಟ್ಟ, ಎಲ್ಲಿ ನೋಡಿದರೂ ಯಾರೋ ಕೈಯಿಂದ ಜೋಡಿಸಿಟ್ಟಂತಿರುವ ಬಂಡೆಗಳು. ಆ ಅರ್ಧ ಗಂಟೆಯಲ್ಲಿ ನನಗೆ ಒಂದು ಮಾತು ಖಚಿತವಾಯಿತು: ಹಂಪಿಗೆ ಬದಲಿ ಎಂಬುದು ಇಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪ್ರದೇಶ ನಲವತ್ತು ಚದರ ಕಿಲೋಮೀಟರಿಗೂ ಹೆಚ್ಚು ಹರಡಿದೆ. ಹೊಳೆ, ಬೆಟ್ಟ, ಕಾಲುವೆ, ಬಜಾರು ಸೇರಿ ಒಂದು ರಾಜಧಾನಿಯೇ ಕಣ್ಣಮುಂದೆ ಇದೆ. ಬೇರೆ ಯಾವ ಊರೂ ಅದನ್ನು ಕೊಡಲಾರದು. ಆದರೆ ನಾವು ಬಹಳಷ್ಟು ಜನ ಹಂಪಿಗೆ ಹೋಗುವುದು ರಾಜಧಾನಿಯನ್ನು ನೋಡಲು ಅಲ್ಲ, ಕೆತ್ತಿದ ಕಲ್ಲನ್ನು ನೋಡಲು. ಅದಕ್ಕಾದರೆ ಬೇರೆ ದಾರಿಗಳಿವೆ.

ಜನವರಿಯಲ್ಲಿ ಬಾದಾಮಿ. ಹುಬ್ಬಳ್ಳಿಯಿಂದ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಮಗಳಿಗೆ ಇದರಷ್ಟು ಇಷ್ಟವಾದ ಊರು ಮತ್ತೊಂದಿಲ್ಲ, ಏಕೆಂದರೆ ಹತ್ತುವುದಿದೆ, ಕೆಂಪು ಬಂಡೆಯ ಸಂದಿಗಳಿವೆ, ಕೋತಿಗಳಿವೆ. ಅವ್ವ ಎರಡನೆಯ ಗುಹೆಯವರೆಗೆ ಬಂದು, ಇನ್ನು ಸಾಕೆಂದು ಅಗಸ್ತ್ಯ ತೀರ್ಥ ಕಾಣುವ ನೆರಳಿನಲ್ಲಿ ಕುಳಿತರು. ಮೂರನೆಯ ಗುಹೆ ಅವರಿಗೆ ತಪ್ಪಿತು. 578ರಲ್ಲಿ ಚಾಲುಕ್ಯ ರಾಜಕುಮಾರ ಮಂಗಳೇಶ ಮಾಡಿಸಿದ, ಶೇಷನ ಮೇಲೆ ಕುಳಿತ ವಿಷ್ಣುವಿರುವ ಆ ಗುಹೆಯೇ ಬಾದಾಮಿಯ ಜೀವ. ನಾನು ಫೋಟೊ ತೆಗೆದು ತಂದು ತೋರಿಸಿದೆ. ಹತ್ತಿರದ ಪಟ್ಟದಕಲ್ಲು ಮಾತ್ರ ಸಮತಟ್ಟು, ಹುಲ್ಲುಹಾಸಿನ ನಡುವೆ ದೇವಾಲಯಗಳು. ಚಾಲುಕ್ಯ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವನ್ನು ಅವ್ವ ನಿಧಾನವಾಗಿ ಒಂದು ಸುತ್ತು ಹಾಕಿದರು. ಆದರೆ ಅದು ಶಾಲಾ ಪ್ರವಾಸಗಳ ಕಾಲ. ಹನ್ನೊಂದು ಗಂಟೆಯ ಮೇಲೆ ಬಸ್ಸುಗಳ ಮೇಲೆ ಬಸ್ಸು. ಮಕ್ಕಳು ಬರಲೇಬೇಕು, ಅದರಲ್ಲಿ ನನಗೆ ಬೇಸರವಿಲ್ಲ. ಬೆಳಿಗ್ಗೆ ಎಂಟಕ್ಕೆ ಮುಂಚೆ ತಲುಪಿದ್ದರೆ ಚೆನ್ನಾಗಿತ್ತು ಅಷ್ಟೆ. ಊಟದ ವಿಷಯದಲ್ಲಿ ಮೂರರಲ್ಲಿ ಬಾದಾಮಿಯೇ ಮೇಲು: ಬನಶಂಕರಿ ಗುಡಿಯ ಆವರಣದಲ್ಲಿ ಬುಟ್ಟಿ ಹೊತ್ತು ಕುಳಿತ ಹೆಣ್ಣುಮಕ್ಕಳ ಕೈಯ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು.

ಫೆಬ್ರುವರಿಯ ಒಂದು ಮಂಗಳವಾರ ಲಕ್ಕುಂಡಿ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು, ಗದಗದಲ್ಲಿ ಗಿರಮಿಟ್ ಮತ್ತು ಮಿರ್ಚಿ ತಿಂದು, ಎಂಟೂವರೆಗೆ ಕಾಶಿವಿಶ್ವೇಶ್ವರ ದೇವಾಲಯದ ಮುಂದೆ ಇದ್ದೆವು. ಟಿಕೆಟ್ ಕೇಳುವವರಿರಲಿಲ್ಲ, ಸಾಲೂ ಇರಲಿಲ್ಲ. ಒಂದೇ ಜಗಲಿಯ ಮೇಲೆ ಶಿವನ ಗುಡಿ ಮತ್ತು ಸೂರ್ಯನ ಗುಡಿ ಎದುರುಬದುರಾಗಿ ನಿಂತಿವೆ. ಬಾಗಿಲುವಾಡದ ಮುಂದೆ ಅವ್ವ ನಿಂತರು. ಒಂದರ ಪಕ್ಕ ಒಂದು ಪಟ್ಟಿ, ಪ್ರತಿಯೊಂದರಲ್ಲೂ ಬೇರೆ ಬಳ್ಳಿ, ಬೇರೆ ಬೊಂಬೆ. ಬೆರಳನ್ನು ಕಲ್ಲಿಗೆ ತಾಗಿಸದೆ ಗಾಳಿಯಲ್ಲೇ ಬಳ್ಳಿಯ ದಾರಿ ಹಿಡಿದು ಮೇಲಕ್ಕೆ ಹೋದರು. ಹದಿನೈದು ನಿಮಿಷ ಯಾರೂ ಅವರನ್ನು ಸರಿಯಿರಿ ಎನ್ನಲಿಲ್ಲ. ಹಂಪಿಯಲ್ಲಿ ಅವರಿಗೆ ಸಿಗದೇ ಹೋದದ್ದು ಈ ಹದಿನೈದು ನಿಮಿಷ.

ಬಾದಾಮಿಯ ಚಾಲುಕ್ಯರು ಕೆತ್ತಿದ್ದು ಮರಳುಗಲ್ಲಿನಲ್ಲಿ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಈ ಭಾಗದ ಶಿಲ್ಪಿಗಳ ಕೈಗೆ ಬಳಪದ ಕಲ್ಲು ಬಂತು. ಮೆತ್ತಗಿನ ಕಲ್ಲು, ಸಣ್ಣ ಉಳಿ. ಆದ್ದರಿಂದಲೇ ಲಕ್ಕುಂಡಿಯ ಕಂಬಗಳು ತಿರುಗಣೆಗೆ ಹಾಕಿ ಕಡೆದಂತೆ ನುಣುಪಾಗಿವೆ. ಬೇಲೂರು–ಹಳೇಬೀಡಿನಲ್ಲಿ ನಾವು ಬೆರಗಾಗುವ ನಯದ ಹಿಂದಿನ ಹೆಜ್ಜೆ ಇಲ್ಲಿದೆ. ಜನವರಿಯಲ್ಲಿ ಬಾದಾಮಿ ನೋಡಿದ ಕಣ್ಣಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡದೆಯೇ ಕಂಡಿತು.

ಅಲ್ಲಿಂದ ಬ್ರಹ್ಮ ಜಿನಾಲಯ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ದಾನಚಿಂತಾಮಣಿ ಎಂದು ಶಾಲೆಯಲ್ಲಿ ಓದಿದ ಹೆಸರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳು, ರನ್ನನಿಗೆ ಆಶ್ರಯ ಕೊಟ್ಟವಳು. ಸಾವಿರ ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಪುಸ್ತಕಕ್ಕಾಗಿ ಇಷ್ಟು ಹಣ ಸುರಿದಳೆಂದು ಹೇಳಿದಾಗ ಮಗಳು ಕೇಳಿದ ಪ್ರಶ್ನೆ, “ಸಾವಿರವನ್ನೂ ಕೈಯಲ್ಲೇ ಬರೆದರಾ?” ಹೌದು, ತಾಳೆಗರಿಯ ಮೇಲೆ ಕೈಯಲ್ಲೇ. ಆ ಮಾತು ಅವಳಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂದರೆ ಮನೆಗೆ ಬಂದ ಮೇಲೆ ತನ್ನ ಪಾಠದ ಒಂದು ಪುಟವನ್ನು ನಕಲು ಮಾಡಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಇಟ್ಟುಕೊಂಡು ನೋಡಿದಳು. ಒಳಗಿನ ಮಂಟಪದಲ್ಲಿ ನಾಲ್ಕು ಮುಖದ ಬ್ರಹ್ಮನ ನಿಂತ ಮೂರ್ತಿ ಇದೆ. ಕಣ್ಣು ಮಬ್ಬಿಗೆ ಹೊಂದಿಕೊಳ್ಳುವವರೆಗೆ ಕಾಯಬೇಕು.

ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯನ್ನು ಬಿಡಬೇಡಿ. ಮೆಟ್ಟಿಲುಗಳ ಉದ್ದಕ್ಕೂ ಪುಟ್ಟ ಪುಟ್ಟ ಗೋಪುರದ ಗೂಡುಗಳು, ಕೆಳಗೆ ನೀರು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರಿನವರು ಹೇಳುತ್ತಾರೆ. ಗಲ್ಲಿಗಳಲ್ಲಿ ನಡೆದರೆ ಮನೆಗಳ ನಡುವೆ ಒಂದೊಂದಾಗಿ ಸಿಗುತ್ತಲೇ ಇರುತ್ತವೆ.

ಮಧ್ಯಾಹ್ನದ ಮೇಲೆ ಇಟಗಿ. ಕೊಪ್ಪಳ ಜಿಲ್ಲೆ, ಕುಕನೂರಿನ ಹತ್ತಿರ. 1112ರಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಈ ಗುಡಿಯನ್ನು ಅಲ್ಲಿನ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ನನ್ನ ಮಟ್ಟಿಗೆ ಆ ಮಾತಿನಲ್ಲಿ ಅತಿಶಯ ಕಾಣಲಿಲ್ಲ. ತೆರೆದ ಮಂಟಪ, ಸಂಜೆಯ ಓರೆ ಬಿಸಿಲು, ಪಕ್ಕದಲ್ಲಿ ಪುಷ್ಕರಣಿ. ಆ ದಂಡನಾಯಕ ತನ್ನ ತಂದೆ–ತಾಯಿಯ ಹೆಸರಿನಲ್ಲೂ ಅದೇ ಆವರಣದಲ್ಲಿ ಗುಡಿ ಕಟ್ಟಿಸಿದ್ದಾನೆ. ತಾಯಿಯ ಹೆಸರಿನದು ಚಂದ್ರಲೇಶ್ವರಿ ಗುಡಿ. ಅದನ್ನು ಕೇಳಿ ಅವ್ವ ಮತ್ತೊಮ್ಮೆ ಹಿಂದಿರುಗಿ ಹೋಗಿ ಆ ಗುಡಿಯನ್ನು ನೋಡಿ ಬಂದರು.

ಇಪ್ಪತ್ತನಾಲ್ಕು ಕೋನಗಳ ನಕ್ಷತ್ರದಾಕಾರದ ದೊಡ್ಡಬಸಪ್ಪನ ಗುಡಿ ಇರುವ ಡಂಬಳಕ್ಕೆ ಹೋಗಲು ಹೊತ್ತು ಸಾಲಲಿಲ್ಲ. ಗದಗದಲ್ಲಿ ಒಂದು ರಾತ್ರಿ ಉಳಿದಿದ್ದರೆ ಆಗುತ್ತಿತ್ತು.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಲಕ್ಕುಂಡಿಯಲ್ಲಿ ಉಳಿಯಲು ನಮಗೆ ಹಿಡಿಸುವ ಜಾಗ ಕಾಣಲಿಲ್ಲ, ಗದಗಕ್ಕೇ ಬರಬೇಕು. ಶುಚಿಯಾದ ಶೌಚಾಲಯ ಹುಡುಕುವುದು ಅವ್ವನಿಗೆ ಕಷ್ಟವಾಯಿತು. ಒಂದು ಗುಡಿಯಿಂದ ಇನ್ನೊಂದಕ್ಕೆ ದಾರಿ ತೋರುವ ಫಲಕಗಳು ಸಾಲದು, ಕೇಳಿಕೊಂಡೇ ಹೋಗಬೇಕು. ಕೇಳಿದರೆ ಜನ ಕೆಲಸ ಬಿಟ್ಟು ಜೊತೆಗೆ ಬರುತ್ತಾರೆ, ಅದು ಬೇರೆ ಮಾತು. ವಿವರಿಸುವ ಗೈಡ್ ನಮಗೆ ಸಿಗಲಿಲ್ಲ, ಆದ್ದರಿಂದ ಹೋಗುವ ಮೊದಲು ಒಂದಿಷ್ಟು ಓದಿಕೊಳ್ಳುವುದು ಒಳ್ಳೆಯದು. ಇಟಗಿಯಲ್ಲಿ ಊಟದ ಭರವಸೆ ಇಟ್ಟುಕೊಳ್ಳಬೇಡಿ, ಬುತ್ತಿ ಕಟ್ಟಿಕೊಂಡು ಹೋಗಿ. ಹಂಪಿಯಲ್ಲಿ ಇವೆಲ್ಲಕ್ಕೂ ವ್ಯವಸ್ಥೆ ಇದೆ, ಆದರೆ ಆ ವ್ಯವಸ್ಥೆಯ ಮುಂದೆ ಸಾಲಿದೆ.

ಹಾಗಾದರೆ ಯಾರು ಎಲ್ಲಿಗೆ? ಹಂಪಿಯನ್ನು ಒಮ್ಮೆಯೂ ನೋಡದವರು ಹಂಪಿಗೇ ಹೋಗಿ. ಆದರೆ ಡಿಸೆಂಬರ್ ಕೊನೆಯ ವಾರವನ್ನೂ ದೀರ್ಘ ವಾರಾಂತ್ಯಗಳನ್ನೂ ಬಿಟ್ಟು, ಮಳೆ ಬಿದ್ದು ತುಂಗಭದ್ರೆ ತುಂಬಿದ ಮೇಲೆ, ವಾರದ ನಡುವಿನ ಎರಡು ದಿನ ಇಟ್ಟುಕೊಂಡು ಹೋಗಿ. ಹತ್ತುವ ಹುಮ್ಮಸ್ಸಿನ ಮಕ್ಕಳಿದ್ದರೆ ಬಾದಾಮಿ. ವಯಸ್ಸಾದವರನ್ನು ಕರೆದುಕೊಂಡು, ಶಿಲ್ಪವನ್ನು ಹತ್ತಿರದಿಂದ, ತಮ್ಮ ವೇಗದಲ್ಲಿ ನೋಡಬೇಕೆನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಲಕ್ಕುಂಡಿ–ಇಟಗಿ.

ಒಂದು ಕೋರಿಕೆ ಮಾತ್ರ. ಲಕ್ಕುಂಡಿಯ ಗುಡಿಗಳ ಗೋಡೆಗೆ ತಾಗಿದಂತೆ ಜನ ಬದುಕುತ್ತಿದ್ದಾರೆ, ಅಂಗಳದಲ್ಲಿ ಕಾಳು ಒಣಗಿಸುತ್ತಾರೆ. ಕಾರನ್ನು ಹೆದ್ದಾರಿಯ ಹತ್ತಿರವೇ ನಿಲ್ಲಿಸಿ ನಡೆದು ಹೋಗಿ. ಗಲ್ಲಿಯಲ್ಲಿ ಎರಡು ಕಾರು ಎದುರಾದರೆ ಎತ್ತಿನ ಗಾಡಿಗೂ ದಾರಿಯಿರುವುದಿಲ್ಲ. ಟೀ, ನೀರು, ಬಾಳೆಹಣ್ಣು ಏನೇ ಬೇಕಿದ್ದರೂ ಅಲ್ಲೇ ಕೊಳ್ಳಿ.

ಈ ಡಿಸೆಂಬರಿನಲ್ಲಿ ಗದಗದಲ್ಲಿ ಎರಡು ರಾತ್ರಿ ಉಳಿಯುವುದೆಂದು ಗೊತ್ತುಮಾಡಿದ್ದೇವೆ. ಒಂದು ದಿನ ಡಂಬಳಕ್ಕೆ. ಇನ್ನೊಂದು ಬೆಳಿಗ್ಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುವ, ಗದಗ ಜಿಲ್ಲೆಯದೇ ಆದ ಮಾಗಡಿ ಕೆರೆಗೆ, 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆ ಅದು. ಅವ್ವನ ಬೇಡಿಕೆ ಒಂದೇ: ಹಿಂದಿರುಗುವಾಗ ಆ ಬಾಗಿಲುವಾಡದ ಮುಂದೆ ಇನ್ನೊಮ್ಮೆ ನಿಲ್ಲಿಸಬೇಕು, ಎಡಗಡೆಯ ಬಳ್ಳಿ ನೋಡುವುದು ಬಾಕಿಯಿದೆಯಂತೆ.