ಮೊದಲ ಬಿಯರ್‌ಗೆ ಏಲ್ ಯೀಸ್ಟೋ, ಲಾಗರ್ ಯೀಸ್ಟೋ?

ಮನೆಯಲ್ಲಿ ಬಿಯರ್ ತಯಾರಿಸಲು ಅವಕಾಶ ಕೊಟ್ಟ 1978ರ ಕಾನೂನಿನ ನಂತರ ಈ ಹವ್ಯಾಸ ವ್ಯಾಪಕವಾಗಿ ಬೆಳೆದ ಅಮೆರಿಕದಲ್ಲಿ, ಹೊಸಬರು ಸಾಮಾನ್ಯವಾಗಿ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್‌ನಿಂದ ಆರಂಭಿಸುತ್ತಾರೆ. ಅವರು ಮೊದಲು ನಿರ್ಧರಿಸಬೇಕಾದದ್ದು ಬಿಯರನ್ನು ಹುದುಗಿಸುವ ಯೀಸ್ಟ್ ಯಾವುದು ಎಂಬುದನ್ನು: ಬೆಚ್ಚಗೆ ಬೇಗ ಹುದುಗುವ ಏಲ್ ಬಿಯರಿನದೋ, ತಂಪಿನಲ್ಲಿ ನಿಧಾನವಾಗಿ ಹುದುಗುವ ಲಾಗರ್ ಬಿಯರಿನದೋ.

ಏಲ್ ಯೀಸ್ಟ್ 18ರಿಂದ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುವುದರಿಂದ ಮನೆಯ ತಂಪಾದ ಮೂಲೆಯೇ ಅದಕ್ಕೆ ಸಾಕು. ಆದರೆ ಹುದುಗುವಿಕೆಯೇ ಶಾಖವನ್ನು ಉತ್ಪಾದಿಸುವ ಕಾರಣ, ಬಕೆಟ್ಟಿನೊಳಗಿನ ದ್ರವವು ಕೋಣೆಗಿಂತ ಕೆಲವು ಡಿಗ್ರಿ ಬಿಸಿಯಾಗಿರುತ್ತದೆ ಎಂಬುದನ್ನು ಮರೆಯದೆ, ಥರ್ಮಾಮೀಟರನ್ನು ಗೋಡೆಯ ಬದಲು ಬಕೆಟ್ಟಿಗೇ ಅಂಟಿಸಬೇಕು. ಎರಡು ವಾರಗಳಲ್ಲಿ ಬಿಯರ್ ಸಾಮಾನ್ಯವಾಗಿ ಬಾಟಲಿಗೆ ಸಿದ್ಧವಾಗುತ್ತದೆ.

ಲಾಗರ್ ಯೀಸ್ಟಿಗೆ 9ರಿಂದ 13 ಡಿಗ್ರಿ ಬೇಕು. ಅದಕ್ಕಾಗಿ ಪ್ರತ್ಯೇಕ ಫ್ರಿಜ್, ಹೆಚ್ಚು ಯೀಸ್ಟ್, ಕೊನೆಯಲ್ಲಿ ಬೆಣ್ಣೆಯಂಥ ವಾಸನೆ ಹೋಗಲೆಂದು ಎರಡು ದಿನ ಬೆಚ್ಚಗಿಡುವ ಶ್ರಮ, ಬಳಿಕ ಸೊನ್ನೆಯ ಸಮೀಪದಲ್ಲಿ ವಾರಗಟ್ಟಲೆ ಕಾಯುವ ತಾಳ್ಮೆ ಇವೆಲ್ಲವೂ ಅಗತ್ಯ. ಲಾಗರಿನಂತೆ ರುಚಿ ತಿಳಿಯಾದಷ್ಟೂ ದೋಷ ಎದ್ದು ಕಾಣುತ್ತದೆಯಾದ್ದರಿಂದ, ಫ್ರಿಜ್ ಇದ್ದವರಿಗೂ ಮೊದಲಿಗೆ ಏಲನ್ನೇ ಸೂಚಿಸುತ್ತೇನೆ.

ಯಾವುದನ್ನು ಆರಿಸಿದರೂ, ಹುದುಗುವಿಕೆ ಮುಗಿಯಿತೇ ಎಂದು ತಿಳಿಯಲು, ಮುಚ್ಚಳದಲ್ಲಿ ಕೂತು ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ಏರ್‌ಲಾಕಿನ ಗುಳ್ಳೆಗಳನ್ನು ನಂಬಬಾರದು. ಮುಚ್ಚಳ ಸಡಿಲವಿದ್ದರೆ ಗುಳ್ಳೆಯೇ ಬಾರದಿರಬಹುದು. ದ್ರವದಲ್ಲಿ ಉಳಿದ ಸಕ್ಕರೆಯನ್ನು ಸೂಚಿಸುವ ಹೈಡ್ರೋಮೀಟರಿನ ಅಳತೆ ಎರಡು-ಮೂರು ದಿನ ಒಂದೇ ಆಗಿರುವ ಮೊದಲೇ ಬಾಟಲಿಗೆ ತುಂಬಿದರೆ ಬಾಟಲಿ ಸಿಡಿಯುವ ಅಪಾಯವಿದೆ.