ಹಂಚಿಕೊಂಡು ಬಳಸುವ ಎಎಫ್‌ಎಂ ಲ್ಯಾಬ್: ನಾಲ್ಕು ವರ್ಷದ ಬಳಕೆಯ ನಂತರ

ವಿಶ್ವವಿದ್ಯಾಲಯವೊಂದರ ನ್ಯಾನೊ ಬಯೋಫಿಸಿಕ್ಸ್ ಲ್ಯಾಬಿನಲ್ಲಿರುವ ಎಎಫ್‌ಎಂ (ಅಟಾಮಿಕ್ ಫೋರ್ಸ್ ಮೈಕ್ರೊಸ್ಕೋಪ್, ಚೂಪು ಟಿಪ್‌ನಿಂದ ಮೇಲ್ಮೈ ತಡವಿ ಚಿತ್ರ ಕೊಡುವ ಸೂಕ್ಷ್ಮದರ್ಶಕ) ಬಗ್ಗೆ ಈ ಮಾತು. ಬಫರ್‌ನಲ್ಲಿ, ಅಂದರೆ ಆಮ್ಲೀಯತೆ ಸ್ಥಿರವಾಗಿಡುವ ದ್ರಾವಣದಲ್ಲಿ, ಡಿಎನ್‌ಎ ನೋಡುವವರೂ ಗಾಳಿಯಲ್ಲಿ ಪಾಲಿಮರ್ ನೋಡುವವರೂ ಸರದಿಯಲ್ಲಿ ಬಳಸುವ ಯಂತ್ರ ಇದು. ಯಂತ್ರ ತುಂಬಾ ಚೆನ್ನಾಗಿದೆ. ಆದರೆ ಡೇಟಾ ಕೈಗೆ ಬರುವುದೂ ಕೈಕೊಡುವುದೂ ಹಿಂದಿನವರು ಟಿಪ್ ಹೋಲ್ಡರನ್ನು ಹೇಗೆ ಬಿಟ್ಟುಹೋದರು ಎಂಬುದರ ಮೇಲೆ.

ಆದ್ದರಿಂದ ಸ್ಲಾಟ್ ಶುರುವಾದ ಕೂಡಲೇ ಹೋಲ್ಡರ್ ತೊಳೆಯಿರಿ: ಸೋಪಿನ ನೀರು, ಧಾರಾಳವಾಗಿ ಅಲ್ಟ್ರಾಪ್ಯೂರ್ ನೀರು, ಐಸೊಪ್ರೊಪೈಲ್ ಆಲ್ಕೊಹಾಲ್, ಕೊನೆಗೆ ನೈಟ್ರೋಜನ್ ಗಾಳಿ. ಅಂಟು ಹಾಕಿ ಜೋಡಿಸಿದ ಭಾಗಗಳಿಗೆ ಅಸಿಟೋನ್ ತಾಗಿಸಬೇಡಿ. ಆಮೇಲೆ ಟೇಪಿನಿಂದ ಮೈಕಾ, ಅಂದರೆ ನಮ್ಮ ಕಾಗೆಬಂಗಾರದ ಮೇಲ್ಪದರ ಎಬ್ಬಿಸಿ, ಬರೀ ಬಫರ್ ಹಾಕಿ ಒಂದು ಮೈಕ್ರಾನ್ ಜಾಗ ಸ್ಕ್ಯಾನ್ ಮಾಡಿ. ಉಬ್ಬುತಗ್ಗು ಸುಮಾರು 0.1 ನ್ಯಾನೊಮೀಟರ್ ಒಳಗಿರಬೇಕು. ಚುಕ್ಕೆಗಳು ಕಂಡರೆ ಡಿಎನ್‌ಎ ಹಾಕಲೇಬೇಡಿ. ಬಫರನ್ನು ಹೊಸದಾಗಿ ಸೋಸಿ, ಹೋಲ್ಡರನ್ನು ಮತ್ತೆ ತೊಳೆಯಿರಿ. ಇಲ್ಲಿ ಉಳಿಸಿದ ಇಪ್ಪತ್ತು ನಿಮಿಷ ಇಡೀ ದಿನವನ್ನೇ ನುಂಗುತ್ತದೆ.

ಮೈಕಾ ಮೇಲೆ ಡಿಎನ್‌ಎ ಕೂರಿಸಲು 10 ಮಿಲಿಮೋಲಾರ್ ಹೆಪೆಸ್ ಬಫರ್, 5ರಿಂದ 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, ಮೈಕ್ರೊಲೀಟರಿಗೆ ಸುಮಾರು ಒಂದು ನ್ಯಾನೊಗ್ರಾಂ ಡಿಎನ್‌ಎ, ಎರಡರಿಂದ ಐದು ನಿಮಿಷ ಸಾಕು. ಡಿಎನ್‌ಎಗೂ ಮೈಕಾಗೂ ಎರಡಕ್ಕೂ ಋಣ ವಿದ್ಯುದಂಶ. ನಡುವೆ ಸೇತುವೆಯಾಗುವುದು ಮೆಗ್ನೀಸಿಯಂ. ಅಭ್ಯಾಸಬಲದಿಂದ ಪಿಬಿಎಸ್ (ಉಪ್ಪು ಬೆರೆತ ಫಾಸ್ಫೇಟ್ ಬಫರ್) ಸುರಿದರೆ ಅದರ ಸೋಡಿಯಂ ಮೆಗ್ನೀಸಿಯಂನ ಜಾಗ ಕಸಿದು, ಎಳೆಗಳು ಮೇಲೆದ್ದು ತೇಲಿಹೋಗುತ್ತವೆ. ಮೆಗ್ನೀಸಿಯಂ ಬದಲು ನಿಕಲ್ ಬಳಸುವವರು ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿಯುವ ರಾಸಾಯನಿಕ) ಬಗ್ಗೆಯೂ ಎಚ್ಚರವಾಗಿರಲಿ: ಡಿಎನ್‌ಎ ಇಡುವ ಟಿಇ ಬಫರಿನಲ್ಲಿ ಅದು ಇದ್ದೇ ಇರುತ್ತದೆ, ನಿಕಲ್ಲನ್ನು ಬಿಗಿಯಾಗಿ ಹಿಡಿದುಬಿಡುತ್ತದೆ.

ಇಮೇಜ್ ನಂಬಬಹುದೇ ಎಂದು ನೋಡಲು 1000 ಬೇಸ್ ಜೋಡಿಯ ತುಣುಕು ಒಳ್ಳೆಯ ಅಳತೆಗೋಲು. ಉದ್ದ 340 ನ್ಯಾನೊಮೀಟರ್ ಆಸುಪಾಸು ಬರಬೇಕು. ಒಣ ಮಾದರಿಯಲ್ಲಿ ಎತ್ತರ ಡಿಎನ್‌ಎಯ ನಿಜ ದಪ್ಪವಾದ 2 ನ್ಯಾನೊಮೀಟರ್ ಬರದೆ ಒಂದಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ, ಅದು ಸಾಮಾನ್ಯ. ಪ್ರತಿ ಎಳೆಯ ಪಕ್ಕದಲ್ಲೂ ಒಂದೇ ದಿಕ್ಕಿಗೆ ಜೋಡಿ ನೆರಳು ಕಂಡರೆ ಮಾತ್ರ ಟಿಪ್ ಮುರಿದು ಎರಡು ತುದಿಯಾಗಿದೆ ಎಂದು ಅನುಮಾನಿಸಿ. ಅದನ್ನು ಖಚಿತಪಡಿಸಲು ಸ್ಕ್ಯಾನ್ ಕೋನ ಬದಲಿಸಿ ಪ್ರಯೋಜನವಿಲ್ಲ, ನೆರಳೂ ಎಳೆಯೂ ಜೊತೆಗೇ ತಿರುಗುತ್ತವೆ. ಮಾದರಿಯನ್ನೇ ಕೈಯಿಂದ ತಿರುಗಿಸಿಡಬೇಕು.

ಚಿತ್ರದ ಬದಲು ಟಿಪ್‌ನಿಂದ ಎಳೆಯನ್ನು ಎಳೆದು ಬಲ ಅಳೆಯುವವರಿಗೆ ಹಂಚಿಕೆಯ ಯಂತ್ರದ ದೊಡ್ಡ ಅಪಾಯ ಬೇರೆಯೇ: ಹಿಂದಿನವರ ಡಿಫ್ಲೆಕ್ಷನ್ ಸೆನ್ಸಿಟಿವಿಟಿ (ಟಿಪ್ ಹೊತ್ತ ಪುಟ್ಟ ಪಟ್ಟಿ, ಅಂದರೆ ಕ್ಯಾಂಟಿಲಿವರ್, ಎಷ್ಟು ಬಾಗಿದರೆ ಎಷ್ಟು ಸಿಗ್ನಲ್ ಎಂಬ ಅಂಕಿ) ಸಾಫ್ಟ್‌ವೇರಿನಲ್ಲಿ ಹಾಗೇ ಕೂತಿರುತ್ತದೆ. ಆ ಪಟ್ಟಿಯ ಮೇಲಿನ ಲೇಸರ್ ಚುಕ್ಕೆ ಸ್ವಲ್ಪ ಸರಿದರೂ ಆ ಅಂಕಿ ಕೆಲಸಕ್ಕೆ ಬಾರದು. ಪ್ರತಿ ಸಲವೂ ಬಫರಿನಲ್ಲೇ ಗಟ್ಟಿ ಮೇಲ್ಮೈಗೆ ಒತ್ತಿ ಅಳೆದು, ನಂತರ ಥರ್ಮಲ್ ಟ್ಯೂನ್ ಮಾಡಿ, ಅಂದರೆ ಪಟ್ಟಿಯ ಉಷ್ಣದ ನಡುಕದಿಂದ ಅದರ ಸ್ಪ್ರಿಂಗ್ ಕಾನ್‌ಸ್ಟೆಂಟ್ (ಬಾಗಲು ಎಷ್ಟು ಬಲ ಬೇಕು ಎಂಬುದು) ಅಳೆಯಿರಿ. ಡಬ್ಬದ ಮೇಲಿನ ಸ್ಪ್ರಿಂಗ್ ಕಾನ್‌ಸ್ಟೆಂಟ್ ಬರೀ ಅಂದಾಜು. ಲ್ಯಾಮ್ಡಾ ಡಿಎನ್‌ಎ (ಲ್ಯಾಮ್ಡಾ ವೈರಸ್ಸಿನ ಉದ್ದದ ಡಿಎನ್‌ಎ) ಎಳೆದಾಗ ಸುಮಾರು 65 ಪಿಕೊನ್ಯೂಟನ್‌ನಲ್ಲಿ ಸಮತಟ್ಟು ಗೆರೆ ಸಿಗಬೇಕು. 80ರಲ್ಲಿ ಸಿಕ್ಕರೆ ಮೊದಲು ಕ್ಯಾಲಿಬ್ರೇಷನ್ ಅನುಮಾನಿಸಿ.

ನಾಲ್ಕು ಗಂಟೆಯ ಸ್ಲಾಟ್ ದ್ರವದ ಕೆಲಸಕ್ಕೆ ಸಾಲದು. ಚಿನ್ನ ಲೇಪಿಸಿದ ಕ್ಯಾಂಟಿಲಿವರ್ ಉಷ್ಣತೆ ಬದಲಾದರೆ ಬಾಗುತ್ತದೆ, ಅದು ಸ್ಥಿರವಾಗಲು ಮುಕ್ಕಾಲು ಗಂಟೆಯಾದರೂ ಬೇಕು. ಇಡೀ ದಿನ ಬುಕ್ ಮಾಡಿ. ಬಾಗಿಲು, ಲಿಫ್ಟ್ ಸದ್ದಿಲ್ಲದ ರಾತ್ರಿ ಸಿಕ್ಕರೆ ಇನ್ನೂ ಒಳ್ಳೆಯದು. ಹೊರಗಿನ ಕಾಲೇಜಿನವರು ಇಂಥ ಯಂತ್ರ ಹುಡುಕಲು 2020ರಲ್ಲಿ ಬೆಂಗಳೂರಿನ ಸೈನ್ಸ್ ಕಾಂಗ್ರೆಸ್‌ನಲ್ಲಿ ಉದ್ಘಾಟನೆಯಾದ ಐ-ಸ್ಟೆಮ್ ಪೋರ್ಟಲ್ ನೋಡಬಹುದು.

ಒಂದೇ ಕೊರತೆ: ಲಾಗ್ ಬುಕ್ಕಿನಲ್ಲಿ ಹೆಸರು, ಸಮಯಕ್ಕೆ ಮಾತ್ರ ಕಾಲಂ ಇದೆ. ಯಾವ ಮಾದರಿ, ಯಾವ ದ್ರವ, ಸೋರಿತೇ ಎಂಬುದಕ್ಕೂ ಜಾಗ ಬೇಕು. ಉಪ್ಪುನೀರು ಒಂದು ಹನಿ ಸ್ಕ್ಯಾನರಿನ ಪೀಜೊಗೆ (ವಿದ್ಯುತ್ತಿನಿಂದ ಹಿಗ್ಗಿ ಕುಗ್ಗುವ ಭಾಗಕ್ಕೆ) ಇಳಿದರೂ ಯಂತ್ರ ತಿಂಗಳುಗಟ್ಟಲೆ ಮಲಗಬಹುದು. ಸೋರಿದ ದಿನವೇ ಬರೆದಿಟ್ಟರೆ ಮುಂದಿನವರು ವಿದ್ಯುತ್ ಹಾಕುವ ಮೊದಲು ಒಣಗಿಸುತ್ತಾರೆ.