ಪೂರ್ತಿ ಆಟ ಬಿಟ್ಟು ಡೆಮೊ ಹಿಡಿದವನ ವಿಮರ್ಶೆ: ರೆಸಿಡೆಂಟ್ ಈವಿಲ್ 4 ರಿಮೇಕ್, ಚೈನ್‌ಸಾ ಡೆಮೊ

ಪೂರ್ತಿ ಆಟದ ರುಚಿ ತೋರಿಸಲು ಕೊಡುವ ಪುಕ್ಕಟೆ ಡೆಮೊಕ್ಕೆ ಯಾರಾದರೂ ದೀರ್ಘ ಬಳಕೆಯ ವಿಮರ್ಶೆ ಬರೀತಾರೇನ್ರಿ ಅಂತ ಕೇಳಬೇಡಿ. ನಾನು ಬರೀತೀನಿ. 2005ರ ತಮ್ಮ ಹಳೇ ಆಟವನ್ನೇ ಹೊಸದಾಗಿ ಮಾಡಿದ ಕ್ಯಾಪ್ಕಾಮ್ ಕಂಪನಿಯವರು 2023ರ ಮಾರ್ಚ್ 9ರಂದು ಬಿಟ್ಟ ಈ ಡೆಮೊ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಇವತ್ತಿಗೂ ಇದೆ. ಪೂರ್ತಿ ಆಟ ಅದೇ ತಿಂಗಳ 24ಕ್ಕೆ ಬಂತು, ಜನ ಆಡಿ ಮುಗಿಸಿದರು, ಆಮೇಲೆ ಬಂದ ಹೆಚ್ಚುವರಿ ಅಧ್ಯಾಯವನ್ನೂ ಮುಗಿಸಿದರು. ನಾನು ಇನ್ನೂ ಡೆಮೊದ ಆ ಒಂದೇ ಹಳ್ಳಿಯಲ್ಲಿದ್ದೇನೆ. ಗ್ರಾಫಿಕ್ಸ್ ಹೇಗಿದೆ, ಯಾವ ಕಾರ್ಡಿನಲ್ಲಿ ಎಷ್ಟು ಫ್ರೇಮ್ ಬರುತ್ತವೆ ಅನ್ನೋದನ್ನೆಲ್ಲ ಯೂಟ್ಯೂಬಿನಲ್ಲಿ ಬೇಕಾದಷ್ಟು ಮಂದಿ ಹೇಳಿದ್ದಾರೆ. ನನ್ನ ತಕರಾರು ಬೇರೆ.

ಇದರಲ್ಲಿ ಆಟದ ನಾಯಕ ಲಿಯಾನ್ ನಡೆಯುತ್ತ ಗುಂಡು ಹಾರಿಸುತ್ತಾನೆ. ಅದೇ ತಕರಾರು.

ಹೊಸಬರಿಗೆ ಇದರಲ್ಲಿ ತಪ್ಪೇನು ಅನಿಸಬಹುದು. 2005ರ ಮೂಲ ಆಟದಲ್ಲಿ ಬಂದೂಕು ಎತ್ತಿದಿರೋ, ಕಾಲು ಕಟ್ಟಿತು ಅಂತಲೇ ಲೆಕ್ಕ. ಗುರಿ ಹಿಡಿಯಬಹುದು, ಹೊಡೆಯಬಹುದು, ಒಂದು ಹೆಜ್ಜೆ ಇಡುವಂತಿಲ್ಲ. ಇಡಬೇಕಂದರೆ ಮೊದಲು ಬಂದೂಕು ಇಳಿಸಬೇಕು. ಕೊಡಲಿ, ಕುಡುಗೋಲು ಹಿಡಿದ ಹಳ್ಳಿಗರು ದೂರದಿಂದ ಓಡಿ ಬರುತ್ತಿದ್ದರು, ಹತ್ತಿರ ಬಂದಮೇಲೆ ಓಟ ಬಿಟ್ಟು ನಡೆಯುತ್ತಿದ್ದರು. ಆ ನಡಿಗೆ ಓಟಕ್ಕಿಂತ ಕೆಟ್ಟದ್ದು. ಹೊಡೆಯಲೋ, ತಿರುಗಿ ಓಡಲೋ ಅಂತ ನೀವು ಅಲ್ಲೇ ನಿಂತು ಬೆವರಬೇಕು. ಶಿಂಜಿ ಮಿಕಾಮಿಯವರ ಈ ಆಟ ಕ್ಯಾಮೆರಾವನ್ನು ನಾಯಕನ ಹೆಗಲ ಹಿಂದೆ ಇಟ್ಟು ಮುಂದಿನ ಎಷ್ಟೋ ಆಟಗಳಿಗೆ ದಾರಿ ಮಾಡಿಕೊಟ್ಟಿತು ಅಂತ ಎಲ್ಲರೂ ಹೊಗಳುತ್ತಾರೆ. ಖರೆ ಮಾತು. ನನಗೆ ಮಾತ್ರ ನೆನಪಿರೋದು ಆ ಕಟ್ಟಿದ ಕಾಲು.

ನಾನು ಅದನ್ನು ಆಡಿದ್ದು ಹಳೇ ಬಾಗಲಕೋಟೆಯ ಒಂದು ಸೈಬರ್ ಕೆಫೆಯಲ್ಲಿ, ಗಂಟೆಗೆ ಹದಿನೈದು ರೂಪಾಯಿ ಕೊಟ್ಟು. 2007ರಲ್ಲಿ ಬಂದ ಪಿಸಿ ಆವೃತ್ತಿ ಅದು. ಅದಕ್ಕೆ ಮೌಸ್ ನಡೆಯುತ್ತಲೇ ಇರಲಿಲ್ಲ! ನಡೆಯೋದು, ಗುರಿ ಹಿಡಿಯೋದು, ಚಾಕು ಬೀಸೋದು ಎಲ್ಲ ಕೀಬೋರ್ಡಿನಲ್ಲೇ. ಬಂದೂಕಿನ ಕೆಂಪು ಲೇಸರ್ ಚುಕ್ಕೆಯನ್ನು ಕೀ ಒತ್ತಿ ಒತ್ತಿ ಹಳ್ಳಿಗನ ಹಣೆಗೆ ತರೋದರೊಳಗೆ ಅವನ ಕೊಡಲಿ ನಮ್ಮ ಕುತ್ತಿಗೆಗೆ ಬಂದಿರುತ್ತಿತ್ತು. ಮೌಸ್ ಕೂಡಿಸುವ ಮಾಡ್‌ಗಳು, ಅಂದರೆ ಆಟಗಾರರೇ ಮಾಡಿದ ತಿದ್ದುಪಡಿಗಳು, ಆಮೇಲೆ ಬಂದವು, ನಮ್ಮ ಕೆಫೆಯ ಹೊಸ್ತಿಲು ಮಾತ್ರ ದಾಟಲಿಲ್ಲ.

ವೈರಸ್ ಕಾಟಕ್ಕೆ ಬೇಸತ್ತು ಮಾಲೀಕರು ಕಂಪ್ಯೂಟರುಗಳನ್ನು ಲಾಕ್ ಮಾಡಿಸಿದ್ದರು. ರೀಸ್ಟಾರ್ಟ್ ಆದರೆ ಸೇವ್ ಮಾಡಿದ್ದೆಲ್ಲ ಹೋಯಿತು. ಹಾಗಾಗಿ ಪ್ರತಿ ಸಲವೂ ಮೊದಲಿಂದ: ಕಾಡಿನ ದಾರಿ, ಮೊದಲ ಮನೆ, ಆಮೇಲೆ ಹಳ್ಳಿ. ಹಳ್ಳಿ ದಾಟಿ ನಾಲ್ಕು ಹೆಜ್ಜೆ ಇಡೋದರೊಳಗೆ ಹಿಂದಿನಿಂದ “ಟೈಮ್ ಆತ್ ನೋಡ್ರಪಾ, ಏಳ್ರಿ” ಅಂತ ದನಿ. ಮುಂದೆ ದೊಡ್ಡ ಕೋಟೆ ಇದೆ, ದ್ವೀಪ ಇದೆ, ಅಮೆರಿಕದ ಅಧ್ಯಕ್ಷರ ಮಗಳನ್ನು ಹುಡುಕಿ ಕರೆತರಬೇಕು ಅಂತೆಲ್ಲ ದೊಡ್ಡ ಹುಡುಗರು ಹೇಳುತ್ತಿದ್ದರು. ನಾನು ಕಂಡಿರಲಿಲ್ಲ. ನನ್ನ ಬಾಲ್ಯದ ರೆಸಿಡೆಂಟ್ ಈವಿಲ್ 4 ಅಂದರೆ ಆ ಒಂದು ಹಳ್ಳಿ. ಡೆಮೊದವರು ಕೊಟ್ಟಿರೋದೂ ಆ ಒಂದು ಹಳ್ಳಿ. ಬೇರೆಯವರಿಗೆ ಇದು ರುಚಿ ನೋಡಲು ಕೊಟ್ಟ ಚೂರು; ನನಗೆ ಪೂರ್ತಿ ರಿಮೇಕೇ ಪುಕ್ಕಟೆ ಸಿಕ್ಕಿತು.

ಆದರೂ ಮೊದಲ ವಾರ ಸಿಟ್ಟೇ ಬಂದಿತ್ತು.

ಡೆಮೊ ಬಂದದ್ದು ನಮ್ಮೂರ ಹೋಳಿ ದಿನಗಳಲ್ಲಿ. ಬಾಗಲಕೋಟೆಯ ಹೋಳಿ ಗೊತ್ತಿದ್ದವರಿಗೆ ಗೊತ್ತು, ಅದು ಒಂದು ದಿನಕ್ಕೆ ಮುಗಿಯೋದಲ್ಲ. ಹಲಗಿ ಸದ್ದು ಇನ್ನೂ ಕಿವಿಯಲ್ಲಿತ್ತು, ಉಗುರಿನ ಸಂದಿಯ ಗುಲಾಬಿ ಬಣ್ಣ ಹೋಗಿರಲಿಲ್ಲ, ಅದೇ ಕೈಯಲ್ಲಿ ಮೌಸ್ ಹಿಡಿದು ಕೂತೆ. ಬಂದೂಕು ಎತ್ತಿದೆ. ಹಳೇ ಚಾಳಿಯಂತೆ ನಿಂತೆ. ಬೆರಳು ತಪ್ಪಿ ಕೀ ಒತ್ತಿದರೆ ಲಿಯಾನ್ ಗುರಿ ಹಿಡಿದುಕೊಂಡೇ ಹಿಂದಕ್ಕೆ ಸರಿದ. ಇಷ್ಟು ಸಲೀಸಾದರೆ ಹೆದರಿಕೆ ಎಲ್ಲಿಂದ ಬರಬೇಕು? ಚಾಕುವಿನಿಂದ ಕೊಡಲಿ ಏಟು ತಡೆಯಬಹುದಂತೆ, ಗರಗಸದ ಏಟನ್ನೂ ತಡೆಯಬಹುದಂತೆ. ಹಳೇ ಆಟದಲ್ಲಿ ಚೈನ್‌ಸಾ, ಅಂದರೆ ಮೋಟಾರಿನ ಗರಗಸ ಹಿಡಿದ ಹಳ್ಳಿಗ ಹತ್ತಿರ ಬಂದನೆಂದರೆ ತಲೆ ಹೋಯಿತೆಂದೇ ಅರ್ಥ; ಪಕ್ಕದ ಕುರ್ಚಿಯ ಹುಡುಗನೂ ತನ್ನ ಆಟ ಬಿಟ್ಟು ನೋಡುತ್ತಿದ್ದ.

ಇನ್ನು ಆ ನಾಯಿ. ಮೂಲ ಆಟದಲ್ಲಿ ಶುರುವಿನಲ್ಲೇ ಕಾಡಿನ ದಾರಿಯಲ್ಲಿ ಒಂದು ನಾಯಿ ಬೋನಿನ ಹಲ್ಲಿಗೆ ಕಾಲು ಸಿಕ್ಕಿಸಿಕೊಂಡು ನರಳುತ್ತಿರುತ್ತದೆ. ಬಿಡಿಸಿದರೆ ಕುಂಟುತ್ತ ಓಡಿ ಹೋಗುತ್ತದೆ. ಗಂಟೆಯ ದುಡ್ಡು ಓಡುತ್ತಿದ್ದರೂ ನಾನು ಅದನ್ನು ಬಿಡಿಸದೆ ಮುಂದೆ ಹೋದವನಲ್ಲ. ಡೆಮೊದಲ್ಲಿ ಅದೇ ದಾರಿ, ಅದೇ ಬೋನು, ನಾಯಿ ಸತ್ತು ಬಿದ್ದಿದೆ. ಹಳೇ ಆಟಗಾರ ಎಲ್ಲಿ ಮೊದಲು ಹೋಗುತ್ತಾನೆ ಅಂತ ತಿಳಿದೇ ಮಾಡಿದ ಕೆಲಸ. ಪೂರ್ತಿ ಆಟದಲ್ಲಿ ಮುಂದೆ ಇನ್ನೊಂದು ನಾಯಿ ಜೀವಂತ ಸಿಗುತ್ತದೆ, ಬಿಡಿಸಿದರೆ ದೈತ್ಯನ ಜೊತೆಗಿನ ಕಾದಾಟದಲ್ಲಿ ನೆರವಿಗೆ ಬರುತ್ತದೆ ಅಂತ ಜಮಖಂಡಿಯಲ್ಲಿರುವ ನನ್ನ ಅಕ್ಕನ ಮಗ ತನ್ನ ಪ್ಲೇಸ್ಟೇಷನ್ನಿನಲ್ಲಿ ತೋರಿಸಿದ. ಅದು ಬೇರೆ ನಾಯಿ, ಬಿಡ್ರಿ.

ಗೋಪುರದ ಕತೆಯೂ ಅಷ್ಟೇ. ಹಳ್ಳಿಯ ನಡುವಿನ ಗೋಪುರ ಹತ್ತಿ, ಏಣಿ ಏರಿ ಬಂದವರನ್ನು ಒಬ್ಬೊಬ್ಬರಾಗಿ ಕೆಡವೋದು ನಮ್ಮ ಕೆಫೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಉಪಾಯ. ಈಗ ಹತ್ತಿ ನಿಂತರೆ ಕಾಲಡಿಯ ಹಲಗೆಯೇ ಮುರಿದು ಕೆಳಗೆ ಬೀಳುತ್ತೀರಿ. ಈ ಒಂದು ಬದಲಾವಣೆಗೆ ನಾನು ನಕ್ಕೆ. ಮಾಡಿದವರಿಗೆ ನಮ್ಮ ಕಳ್ಳದಾರಿಗಳೆಲ್ಲ ಗೊತ್ತಿವೆ.

ಬಾಗಲಕೋಟೆಯ ನವನಗರದವರಿಗೆ ರಿಮೇಕ್ ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರಿನ ಮನೆ ಕೊಟ್ಟು ಸೆಕ್ಟರ್ ನಂಬರಿನ ಊರಿಗೆ ಬಂದವರು ನಾವು. ರಸ್ತೆ ಅಗಲ ಆದವು, ಓಣಿ ಹೋದವು. ಪರಿಹಾರದ ಮಾತು ಇನ್ನೂ ಮುಗಿದಿಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಿದರೆ ಮತ್ತಷ್ಟು ಮುಳುಗುತ್ತದೆ. ನಮ್ಮವ್ವ ಈಗಲೂ ಸೆಕ್ಟರ್ ಹೇಳುವುದಿಲ್ಲ, ಇಂಥ ಓಣಿಯವರ ಮನಿ ಬಾಜೂಕ ಅಂತಲೇ ವಿಳಾಸ ಹೇಳುತ್ತಾಳೆ, ಕೊರಿಯರ್ ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಹೊಸ ಊರು ಅಳತೆಗೆ ಸರಿಯಾಗಿಯೇ ಇದೆ, ಆದರೆ ತಿರುವು ಬಂದಾಗ ಕಾಲು ಹಳೇ ಕಡೆ ಹೊರಳುತ್ತದೆ. ಡೆಮೊದ ಹಳ್ಳಿಯಲ್ಲಿ ನನಗೆ ಆಗಿದ್ದೂ ಇದೇ.

ಮದುವೆ ವಿಡಿಯೊ ಎಡಿಟಿಂಗ್, ಫೋಟೊ ಪ್ರಿಂಟ್ ನನ್ನ ಕಸುಬು. ಗ್ರಾಫಿಕ್ಸ್ ಕಾರ್ಡ್ ಕೊಂಡದ್ದೂ ಅದಕ್ಕೇ, ಆಟ ಅದರ ಮೇಲೆ ಬಿಟ್ಟಿ ಸವಾರಿ. ಮದುವೆ ಸೀಸನ್ನಿನಲ್ಲಿ ಊಟಕ್ಕೂ ಪುರಸೊತ್ತು ಇರುವುದಿಲ್ಲ. ಆಷಾಢ ಬಂತೆಂದರೆ ಆಲ್ಬಮ್ ಕೇಳುವವರು ಇಲ್ಲ, ಆಗ ನನ್ನ ಸೀಸನ್ ಶುರು. ರಾತ್ರಿ ಕೊನೆಯ ಗಿರಾಕಿ ಆಧಾರ್ ಲ್ಯಾಮಿನೇಷನ್ ಮಾಡಿಸಿಕೊಂಡು ಹೋದಮೇಲೆ ಶಟರ್ ಅರ್ಧ ಇಳಿಸುತ್ತೇನೆ. ಪೂರ್ತಿ ಇಳಿಸಿದರೆ ಸೆಕೆ, ತೆರೆದಿಟ್ಟರೆ ಯಾರಾದರೂ ಝೆರಾಕ್ಸ್ ಕೇಳಿಕೊಂಡು ಬರುತ್ತಾರೆ. ಪಕ್ಕದ ಗಾಡಿಯವರು ಒಲೆ ಆರಿಸುವ ಮುಂಚೆ ಒಂದು ಚಹಾ. ಲ್ಯಾಮಿನೇಷನ್ ಮಷೀನು ಇನ್ನೂ ಬೆಚ್ಚಗಿರುತ್ತದೆ, ಲೋಟವನ್ನು ಅದರ ಮೇಲೆ ಇಟ್ಟರೆ ಹಳ್ಳಿ ಮುಗಿಯುವವರೆಗೂ ಚಹಾ ಆರುವುದಿಲ್ಲ. ಒಂದೇ ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಶಟರಿನ ಕಡೆ. ಕರೆಂಟ್ ಹೋದರೆ ಯುಪಿಎಸ್ ಕಿರುಚುತ್ತದೆ, ಬಂದ್ ಮಾಡುತ್ತೇನೆ. ಕಳೆದುಕೊಳ್ಳಲು ಏನೂ ಇಲ್ಲ. ಮರುದಿನ ಮತ್ತೆ ಕಾಡಿನ ದಾರಿಯಿಂದ.

ಹೀಗೆ ಆಡುತ್ತ ಆಡುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು, ಸಿಟ್ಟು ಇಳಿದದ್ದು ಅಲ್ಲಿಂದ. ಈ ಆಟದ ಮೊದಲ ಪಿಸ್ತೂಲಿಗೆ ಲೇಸರ್ ಇಲ್ಲ, ಪರದೆಯ ಮೇಲೆ ಗುರಿಯ ಗೆರೆಗಳಿವೆ. ನಡೆದರೆ ಗೆರೆಗಳು ಅಗಲವಾಗುತ್ತವೆ, ಗುಂಡು ಎಲ್ಲೋ ಹೋಗುತ್ತದೆ. ನಿಂತರೆ ನಿಧಾನಕ್ಕೆ ಒಳಗೆ ಸರಿದು ಕೂಡಿಕೊಳ್ಳುತ್ತವೆ, ಆಗ ಹೊಡೆದ ಗುಂಡಿಗೆ ತೂಕವೇ ಬೇರೆ. ಹಳ್ಳಿಗ ತತ್ತರಿಸುತ್ತಾನೆ, ಓಡಿ ಹೋಗಿ ಒದೆಯಬಹುದು. ಅಂದರೆ ನಡೆಯಲು ಬಿಟ್ಟಿದ್ದಾರೆ, ಆದರೆ ನಿಂತವನಿಗೇ ಹೆಚ್ಚು ಕೊಡುತ್ತಾರೆ. ಇಲ್ಲಿನ ಹಳ್ಳಿಗರು ಹಳೆಯವರಂತೆ ಹತ್ತಿರ ಬಂದು ನಿಧಾನಿಸುವ ಪೈಕಿಯೂ ಅಲ್ಲ, ಮೈಮೇಲೇ ಬೀಳುತ್ತಾರೆ. ಗೆರೆಗಳು ಕೂಡುವ ಆ ಒಂದು ಗಳಿಗೆ ನಿಲ್ಲಲು ಧೈರ್ಯ ಬೇಕು. ಕೆಫೆಯಲ್ಲಿ ನಿಂತದ್ದು ಬೇರೆ ದಾರಿ ಇರಲಿಲ್ಲ ಅಂತ, ಈಗ ನಿಲ್ಲೋದು ನಾನಾಗಿ. ಯಾವುದು ಹೆಚ್ಚು ಹೆದರಿಕೆ ಅಂತ ಕೇಳಿದರೆ, ಎರಡನೆಯದು ಅನ್ನುತ್ತೇನೆ, ಗೊಣಗಿಕೊಂಡೇ.

ಪೂರ್ತಿ ಆಟದಲ್ಲಿ ಸಾಮಾನು ಮಾರುವ ವ್ಯಾಪಾರಿಯ ಹತ್ತಿರ ಲೇಸರ್ ಸಿಗುತ್ತದೆ, ಅದನ್ನು ಕೂಡಿಸಿದರೆ ಈ ಕಾಯುವ ಆಟವೇ ಇಲ್ಲ. ಅಳಿಯ ಸಿಕ್ಕ ಕೂಡಲೇ ಹಾಕಿಕೊಂಡ. ನಾನಾದರೆ ಹಾಕಿಕೊಳ್ಳುವುದಿಲ್ಲ. ಚಾಕುವಿನ ಮೇಲಿನ ಸಿಟ್ಟೂ ಹೀಗೇ ಕರಗಿತು: ಏಟು ತಡೆದಷ್ಟೂ ಅದು ಸವೆಯುತ್ತದೆ, ಗರಗಸಕ್ಕೆ ಒಡ್ಡಿದರೆ ಬೇಗ ಮುಗಿಯುತ್ತದೆ. ಹಳೇ ಆಟದ ಚಾಕು ಸವೆಯುತ್ತಲೇ ಇರಲಿಲ್ಲ. ಅವರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಿದ್ದಾರೆ, ಲೆಕ್ಕ ಸರಿಯಾಯಿತು.

ಕೊಟ್ಟಿಗೆಯ ಲಾಟೀನಿಗೆ ಹೊಡೆದರೆ ಬೆಂಕಿ ಹತ್ತಿದ ಆಕಳು ಹಳ್ಳಿಗರ ಮೇಲೆ ನುಗ್ಗುವ ಒಂದು ಉಪಾಯವೂ ಇದೆ. ನಾನು ಮಾಡುವುದಿಲ್ಲ. ಅವ್ವ ನೋಡಿದಳೆಂದರೆ ಕಂಪ್ಯೂಟರು ಬೀದಿಗೆ ಬೀಳುತ್ತದೆ.

ಈ ಡೆಮೊದ ದೊಡ್ಡ ಗುಣ ಅಂದರೆ ಸಮಯದ ಮಿತಿ ಇಲ್ಲ, ಎಷ್ಟು ಸಲವಾದರೂ ಆಡಬಹುದು. 2019ರಲ್ಲಿ ಎರಡನೇ ಭಾಗದ ರಿಮೇಕಿಗೆ ಇವರೇ ಕೊಟ್ಟಿದ್ದ ಡೆಮೊ ಮೂವತ್ತು ನಿಮಿಷದ್ದು. ಮೂವತ್ತು ನಿಮಿಷ ಮುಗಿದರೆ ಮುಗಿಯಿತು, ಮತ್ತೆ ಆಡುವಂತಿಲ್ಲ. ಗಂಟೆಗೆ ದುಡ್ಡು ಕೊಟ್ಟು ಆಡಿ ಬೆಳೆದವನಿಗೆ ಮತ್ತೆ ಗಡಿಯಾರ ತೋರಿಸಿದರೆ ಹೇಗಾಗಬೇಡ? ಇದರಲ್ಲಿ ಹಾಗಿಲ್ಲ. ಮೇಲಿಂದ ಅಡಗಿಸಿಟ್ಟ ಸಾಮಾನುಗಳೂ ಇವೆ: ಬಾವಿಯಲ್ಲಿ ಬಚ್ಚಿಟ್ಟ ಟಿಎಂಪಿ ಬಂದೂಕು, ಮತ್ತೆ ಕೆಲವೊಮ್ಮೆ ತಾನಾಗಿಯೇ ಎದುರಿಗೆ ಬರುವ ‘ಮ್ಯಾಡ್ ಚೈನ್‌ಸಾ’ ಅನ್ನುವ ಕಠಿಣ ಮೋಡ್. ಅದರಲ್ಲಿ ಗರಗಸದವನ ಓಟ ನೋಡಿ ನಾನು ಒಮ್ಮೆ ನಿಜವಾಗಿಯೂ ಕುರ್ಚಿ ಹಿಂದಕ್ಕೆ ಸರಿಸಿದ್ದೇನೆ.

ಒಂದು ರಾತ್ರಿ ಊಟದ ಡಬ್ಬಿ ತಂದ ಹೆಂಡತಿ ಹಿಂದೆ ನಿಂತು ನೋಡಿದಳು. ಚರ್ಚಿನ ಗಂಟೆ ಬಡಿಯಿತು, ಹಳ್ಳಿಗರೆಲ್ಲ ಕೈಯಲ್ಲಿದ್ದದ್ದು ಇಳಿಸಿ ಹೊರಟು ಹೋದರು, ಡೆಮೊ ಮುಗಿಯಿತು. ನಾನು ಮತ್ತೆ ಶುರು ಒತ್ತಿದೆ.

“ರೀ, ಆ ಊರ ಬಿಟ್ಟ ಮುಂದ ಹೋಗೂದ ಇಲ್ಲೇನು?”

“ಮುಂದಿಂದಕ್ಕ ರೊಕ್ಕ ಕೊಡಬೇಕ.”

“ಹಂಗಾರ ಇದ ಛಲೋ ಐತಿ” ಅಂದಳು.

ಕೊಳ್ಳುತ್ತೀನೋ? ಒಂದು ಪ್ರಿ-ವೆಡ್ಡಿಂಗ್ ಶೂಟಿನ ಮುಂಗಡದಷ್ಟು ದುಡ್ಡು ಆಟಕ್ಕೆ ಹಾಕುವವನು ನಾನಲ್ಲ. ಒಳ್ಳೆಯ ಸೇಲ್ ಬಂದಾಗ ಬೆಲೆ ನೋಡುತ್ತೇನೆ, ಮುಚ್ಚುತ್ತೇನೆ. ಸೇಲಿನಲ್ಲಿ ಕಡಿಮೆಗೆ ಸಿಕ್ಕ ಹಳೇ ಆಟದ 2014ರ ಎಚ್‌ಡಿ ಆವೃತ್ತಿಯನ್ನು ಮಾತ್ರ ಕೊಂಡಿಟ್ಟಿದ್ದೇನೆ. ದೀಪಾವಳಿಗೆ ಬಂದ ಅಳಿಯನಿಗೆ ಅದನ್ನು ಹಚ್ಚಿಕೊಟ್ಟೆ. ರಿಮೇಕನ್ನು ಕಠಿಣ ಮಟ್ಟದಲ್ಲಿ ಮುಗಿಸಿದ ಹುಡುಗ, ಹಳ್ಳಿಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ತಲೆ ಕಳೆದುಕೊಂಡ.

“ಮಾಮಾ, ಇವ ಬಂದೂಕ ಎತ್ತಿದ್ರ ನಡ್ಯಾಂಗೇ ಇಲ್ಲಲ್ಲ, ಕೆಟ್ಟೈತೇನು?”

“ಕೆಟ್ಟಿಲ್ಲಪಾ, ಹಂಗ ಐತಿ.”

ಅವನು ಕೀಬೋರ್ಡ್ ನನ್ನ ಕಡೆ ತಳ್ಳಿ ಚಕ್ಕುಲಿ ತಿನ್ನಲು ಹೋದ.

ಅಂಕ ಕೇಳುವವರಿಗೆ: ಐದಕ್ಕೆ ನಾಲ್ಕು. ಕಡಿದ ಒಂದು ಅಂಕ ಆ ನಾಯಿಯದ್ದು. ನಿಮ್ಮ ಕಂಪ್ಯೂಟರಿಗೆ ಪೂರ್ತಿ ಆಟ ಎಳೆಯುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ದುಡ್ಡು ಹಾಕುವ ಮುಂಚೆ ಇದನ್ನು ಇಳಿಸಿ ನೋಡಿ. ಹಳ್ಳಿಯ ಬೆಂಕಿಯ ಹತ್ತಿರ ಗುಂಪು ಮೈಮೇಲೆ ಬಿದ್ದಾಗ ಚಿತ್ರ ತಡವರಿಸದಿದ್ದರೆ ಬಹುಮಟ್ಟಿಗೆ ನಡೆಯುತ್ತದೆ. ಶಾಟ್‌ಗನ್ ಹಳೇ ಜಾಗದಲ್ಲೇ ಇದೆ, ಆ ಮನೆಯ ಮಹಡಿ ಮೇಲೆ. ಹತ್ತುವ ಮುಂಚೆ ಚಾಕು ಎಷ್ಟು ಉಳಿದಿದೆ ನೋಡಿಕೊಳ್ಳಿ, ಗರಗಸದವನು ಬರೋದು ಆಗಲೇ.